ಮಳೆಕಾಡಿನ ಮರೆಹಕ್ಕಿ: ಮಡಗಾಸ್ಕರಿನ ಸರ್ಪಹದ್ದು ಮತ್ತು ಕಾಣದ್ದನ್ನು ಅರಿಯುವ ಬಗೆ



ಜೀವಲೋಕದ ಒಂದು ಸಂಗತಿಯನ್ನು ತಿಳಿಗನ್ನಡದಲ್ಲಿ ವಿವರಿಸಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಇಂಥ ವೇದಿಕೆಯಲ್ಲಿ ಮಾತಾಡುವವರು ಸಾಮಾನ್ಯವಾಗಿ ಎಲ್ಲರೂ ಬಲ್ಲ ಪ್ರಾಣಿಯನ್ನೋ ಪಕ್ಷಿಯನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡಿರುವ ಹಕ್ಕಿಯನ್ನು ಈ ಸಭೆಯಲ್ಲಿರುವ ಯಾರೂ ನೋಡಿರಲಾರರು, ನಾನೂ ನೋಡಿದವನಲ್ಲ. ಅದು ಇರುವ ಕಾಡಿನಲ್ಲೇ ಹುಟ್ಟಿ ಬೆಳೆದವರಲ್ಲೂ ಅನೇಕರು ಅದನ್ನು ಕಂಡಿಲ್ಲ. ಮಡಗಾಸ್ಕರ್ ದ್ವೀಪದ ಪೂರ್ವದ ಮಳೆಕಾಡಿನಲ್ಲಿರುವ ಒಂದು ಬೇಟೆಹಕ್ಕಿ ಅದು. ಇಂಗ್ಲಿಷಿನಲ್ಲಿ ಮಡಗಾಸ್ಕರ್ ಸರ್ಪೆಂಟ್ ಈಗಲ್ ಎನ್ನುತ್ತಾರೆ. ಈ ಉಪನ್ಯಾಸದಲ್ಲಿ ಸರ್ಪಹದ್ದು ಎಂದು ಕರೆಯುತ್ತೇನೆ.

ನನ್ನ ಮಾತನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಮೊದಲನೆಯದು, ದಟ್ಟ ಮಳೆಕಾಡು ಒಂದು ಬೇಟೆಹಕ್ಕಿಯ ಮೈಕಟ್ಟನ್ನು ಹೇಗೆ ರೂಪಿಸುತ್ತದೆ ಎಂಬುದು. ಎರಡನೆಯದು, ಈ ಹಕ್ಕಿಯ ಆಹಾರ ಮತ್ತು ಸಂಸಾರ. ಮೂರನೆಯದು, ಆರು ದಶಕಗಳ ಕಾಲ ಯಾರ ಲೆಕ್ಕಕ್ಕೂ ಸಿಗದೆ ಹೋಗಿದ್ದ ಇದು ಮರಳಿ ಗೊತ್ತಾದ ಬಗೆ. ನಾಲ್ಕನೆಯದು, ಅದರ ಕಾಡು ಮತ್ತು ಆ ಕಾಡಂಚಿನ ಜನ. ಈ ನಾಲ್ಕರ ಮೂಲಕ ನಾನು ಹೇಳಹೊರಟಿರುವುದು ಒಂದೇ ಮಾತು: ಒಂದು ಜೀವಿ ಕಾಣಲಿಲ್ಲ ಎಂದಾಗ, ನೋಡಿದವರು ಯಾರು, ಎಷ್ಟು ಕಾಲ ನೋಡಿದರು, ಹೇಗೆ ನೋಡಿದರು ಎಂದು ಕೇಳದೆ ಆ ಮಾತನ್ನು ಒಪ್ಪಬಾರದು.

ವಿಷಯಕ್ಕೆ ಇಳಿಯುವ ಮುನ್ನ ಆ ನೆಲದ ಬಗ್ಗೆ ಎರಡು ಮಾತು. ಮಡಗಾಸ್ಕರ್ ನಮಗೆ ತೀರ ಹೊರಗಿನದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದಿನವರೆಗೂ ಭಾರತದ ಭೂಭಾಗ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಗುರುತು ನಮ್ಮ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಂತೆ ನಿಂತ ಬಂಡೆಗಳಾಗಿ ಇಂದಿಗೂ ಇದೆ. ಆದರೆ ಒಂದು ಎಚ್ಚರ ಬೇಕು. ನಮ್ಮ ಹದ್ದು, ಅವರ ಹದ್ದು ಎಲ್ಲವೂ ಆ ಬಿರುಕಿಗಿಂತ ಬಹಳ ಈಚಿನವು. ಹಾಗಾಗಿ ನಮ್ಮ ಘಟ್ಟದ ಹಕ್ಕಿಗೂ ಅಲ್ಲಿಯ ಹಕ್ಕಿಗೂ ಹೋಲಿಕೆ ಕಂಡಾಗ ಅದಕ್ಕೆ ಹಳೆಯ ಭೂಖಂಡದ ನಂಟನ್ನು ಕಾರಣವಾಗಿ ಹೇಳಲಾಗದು. ಕಾರಣವನ್ನು ಕಾಡಿನಲ್ಲೇ ಹುಡುಕಬೇಕು. ಇದೇ ನನ್ನ ಮೊದಲ ಭಾಗಕ್ಕೆ ದಾರಿ.

ಬೇಟೆಹಕ್ಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಯಲಿನ ಮೇಲೆ ರೆಕ್ಕೆ ಹರಡಿ ತೇಲುವ ಆಕೃತಿ. ನೆಲ ಕಾದಾಗ ಬಿಸಿಗಾಳಿ ಮೇಲೇಳುತ್ತದೆ. ಉದ್ದವೂ ಅಗಲವೂ ಆದ ರೆಕ್ಕೆಯುಳ್ಳ ಹದ್ದುಗಳು ಅದನ್ನು ಆತುಕೊಂಡು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಸುತ್ತುತ್ತವೆ. ಪಶ್ಚಿಮ ಘಟ್ಟದಲ್ಲಿ ಕಪ್ಪು ಹದ್ದು ಹೀಗೆಯೇ ಕಾಡಿನ ನೆತ್ತಿಯ ಮೇಲೆ ಮೆಲ್ಲಗೆ ತೇಲುತ್ತ ಹಕ್ಕಿಗೂಡುಗಳನ್ನು ಹುಡುಕುತ್ತದೆ. ನಮ್ಮ ಜುಟ್ಟಿನ ಸರ್ಪಹದ್ದು ಬಿಸಿಲೇರಿದಂತೆ ಮೇಲೇರಿ ಸಿಳ್ಳು ಹಾಕುತ್ತದೆ. ಮಲೆನಾಡಿನವರಿಗೆ ಅದರ ದನಿ ಚಿರಪರಿಚಿತ. ಇವು ಕಾಡಿನ ಹಕ್ಕಿಗಳೇ, ಆದರೆ ಆಗಾಗ ಆಕಾಶಕ್ಕೆ ಬಂದು ತಮ್ಮನ್ನು ತೋರಿಸಿಕೊಳ್ಳುವ ಹಕ್ಕಿಗಳು.

ಮಡಗಾಸ್ಕರಿನ ಸರ್ಪಹದ್ದು ಬಾನಿಗೆ ಬರುವುದು ತೀರ ಅಪರೂಪ. ಅದರ ಬದುಕೆಲ್ಲ ಮರದ ಚಾವಣಿಯ ಕೆಳಗೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 60 ಸೆಂಟಿಮೀಟರ್ ಉದ್ದದ, ಮಧ್ಯಮ ಗಾತ್ರದ ಹಕ್ಕಿ. ಬೆನ್ನು ಕಡುಬೂದು, ಎದೆ, ಹೊಟ್ಟೆಗಳ ಮೇಲೆ ಅಡ್ಡಪಟ್ಟೆಗಳು. ರೆಕ್ಕೆ ಗಿಡ್ಡ ಮತ್ತು ದುಂಡು, ಬಾಲ ಉದ್ದ, ಕಣ್ಣು ಹಳದಿ. ಈ ಒಂದೊಂದು ಲಕ್ಷಣಕ್ಕೂ ಕಾಡಿನಲ್ಲಿ ಕಾರಣವಿದೆ. ಬಳ್ಳಿ, ಕೊಂಬೆ, ಕಾಂಡಗಳ ಇಕ್ಕಟ್ಟಿನಲ್ಲಿ ಉದ್ದ ರೆಕ್ಕೆ ಹೊರೆಯಾದೀತು. ಗಿಡ್ಡ ರೆಕ್ಕೆಯಿದ್ದರೆ ಕೂತಲ್ಲಿಂದ ಥಟ್ಟನೆ ಚಿಮ್ಮಬಹುದು. ಹಾರುವ ದಿಕ್ಕನ್ನು ಕ್ಷಣದಲ್ಲಿ ಬದಲಿಸಲು ಉದ್ದ ಬಾಲ ಚುಕ್ಕಾಣಿಯಾಗುತ್ತದೆ. ಎಲೆಗಳ ನಡುವೆ ಚೂರುಚೂರಾಗಿ ಬೀಳುವ ಬೆಳಕಿನಲ್ಲಿ ಅಡ್ಡಪಟ್ಟೆಯ ಮೈ ಕರಗಿಹೋಗುತ್ತದೆ. ಬೇಟೆಯ ಕ್ರಮವೂ ಇದಕ್ಕೆ ತಕ್ಕಂತಿದೆ: ಹುಡುಕುತ್ತ ಹಾರುವುದಕ್ಕಿಂತ ಒಂದೆಡೆ ಕೂತು ಕಾಯುವುದೇ ಹೆಚ್ಚು. ಕದಲದೆ ಕೂತ ಹಕ್ಕಿಯನ್ನು ಕಾಡಿನಲ್ಲಿ ಕಾಣುವುದು ಎಷ್ಟು ಕಷ್ಟವೆಂದು ಹಕ್ಕಿ ನೋಡುವ ಹವ್ಯಾಸವಿರುವವರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲೊಂದು ಕುತೂಹಲದ ಸಂಗತಿ. ಆಫ್ರಿಕದ ಕಾಂಗೋ ಕಾಡಿನಲ್ಲಿರುವ ಇನ್ನೊಂದು ಸರ್ಪಹದ್ದಿಗೂ ಇಂಥದೇ ಉದ್ದ ಬಾಲ, ಗಿಡ್ಡ ರೆಕ್ಕೆ. ಅಟ್ಲಾಂಟಿಕ್ ದಾಟಿ ಅಮೆಜಾನಿಗೆ ಹೋದರೆ ಅಲ್ಲಿ ಕಾಡುಚಾಣಗಳೆಂಬ ಗುಂಪಿದೆ. ಚಾಣದ ಕುಟುಂಬದವಾದರೂ ಬಯಲಿನ ಚಾಣದ ಚೂಪಾದ ಉದ್ದ ರೆಕ್ಕೆ ಅವಕ್ಕಿಲ್ಲ. ಅವೂ ಗಿಡ್ಡ ರೆಕ್ಕೆ, ಉದ್ದ ಬಾಲದವು. ನಮ್ಮ ಘಟ್ಟದ ಜುಟ್ಟಿನ ಗಿಡುಗದ್ದೂ ಅದೇ ಮೈಕಟ್ಟು. ಬೇರೆ ಬೇರೆ ವಂಶದ ಹಕ್ಕಿಗಳನ್ನು ಬೇರೆ ಬೇರೆ ಖಂಡಗಳಲ್ಲಿ ಮಳೆಕಾಡು ಒಂದೇ ಆಕಾರಕ್ಕೆ ತಂದಿದೆ.

ಈ ಸಮಾನ ಆಕಾರ ವಿಜ್ಞಾನಿಗಳಿಗೆ ತೊಡಕನ್ನೂ ತಂದಿತು. ಮೈಕಟ್ಟು ನೋಡಿ ಈ ಹಕ್ಕಿಯನ್ನು ಬಹುಕಾಲ ಸರ್ಪಹದ್ದುಗಳ ಗುಂಪಿಗೆ ಸೇರಿಸಿದ್ದರು. 2005ರಲ್ಲಿ ಹೀದರ್ ಲರ್ನರ್ ಮತ್ತು ಡೇವಿಡ್ ಮಿಂಡೆಲ್ ಹದ್ದುಗಳ ಡಿಎನ್‌ಎ ಹೋಲಿಸಿ ಪ್ರಕಟಿಸಿದ ಅಧ್ಯಯನ ಬೇರೊಂದು ಚಿತ್ರ ಕೊಟ್ಟಿತು. ಮಡಗಾಸ್ಕರಿನ ಈ ಹಕ್ಕಿಗೆ ಹತ್ತಿರದ ನೆಂಟರು ಸರ್ಪಹದ್ದುಗಳಲ್ಲ. ಹಿಮಾಲಯದ ಗಡ್ಡದ ರಣಹದ್ದು ಮತ್ತು ಬಿಳಿ ರಣಹದ್ದುಗಳಿರುವ ಕವಲಿನದು ಇದು. ಬಿಳಿ ರಣಹದ್ದು ರಾಮನಗರದ ರಾಮದೇವರ ಬೆಟ್ಟದಲ್ಲಿ ನಮಗೆ ಕಾಣಸಿಗುವ ಹಕ್ಕಿ. ಬರಿಬಂಡೆಯ ಮೇಲೆ ಕೂತು ಸತ್ತ ಪ್ರಾಣಿಯನ್ನು ಕಾಯುವ ಹಕ್ಕಿಗೂ ಕತ್ತಲುಗಾಡಿನಲ್ಲಿ ಅವಿತು ಜೀವಂತ ಬೇಟೆಯ ಮೇಲೆರಗುವ ಹಕ್ಕಿಗೂ ರಕ್ತಸಂಬಂಧ! ಕಾಡಿನಲ್ಲಿ ಕಣ್ಣಿಗೆ ಮರೆಯಾದ ಹಕ್ಕಿ ಪ್ರಯೋಗಾಲಯದ ಮೇಜಿನ ಮೇಲೂ ತನ್ನ ಕುಲವನ್ನು ಒಂದು ಶತಮಾನಕ್ಕೂ ಮಿಕ್ಕಿ ಮರೆಮಾಚಿತ್ತು.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ: ಇದರ ಆಹಾರ ಮತ್ತು ಸಂಸಾರ.

ಸರ್ಪಹದ್ದು ಎಂಬ ಹೆಸರು ಕೇಳಿದವರು ಇದು ಹಾವುಗಳನ್ನು ತಿಂದೇ ಬದುಕುವ ಹಕ್ಕಿಯೆಂದು ಅಂದುಕೊಳ್ಳುವುದು ಸಹಜ. ಗೂಡಿನ ಬಳಿ ಕೂತು ಗಮನಿಸಿದವರಿಗೆ ಕಂಡದ್ದು ಬೇರೆ. ಇದರ ಆಹಾರದಲ್ಲಿ ಮುಖ್ಯವಾದವು ಗೋಸುಂಬೆಗಳು ಮತ್ತು ಎಲೆಬಾಲದ ಹಲ್ಲಿಗಳು. ಲೋಕದ ಗೋಸುಂಬೆ ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಮಡಗಾಸ್ಕರಿನಲ್ಲಿ. ಈ ಕುಲದ ಎಲೆಬಾಲದ ಹಲ್ಲಿಗಳಂತೂ ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಹಗಲಿನಲ್ಲಿ ಅವು ಮರದ ತೊಗಟೆಗೆ ಅಪ್ಪಿಕೊಂಡು ಮಲಗುತ್ತವೆ; ಬಣ್ಣವಷ್ಟೇ ಅಲ್ಲ, ಮೈಯ ಅಂಚೂ ಹರಿದ ತೊಗಟೆಯಂತೆ ಜಾಲರಿಯಾಗಿರುವುದರಿಂದ ನೆರಳು ಕೂಡ ಬೀಳುವುದಿಲ್ಲ. ಮನುಷ್ಯ ಒಂದು ಮೊಳ ದೂರದಲ್ಲಿ ನಿಂತರೂ ಗುರುತಿಸಲಾರ. ಅಂಥ ಹಲ್ಲಿಯನ್ನು ಈ ಹಕ್ಕಿ ಹಗಲಲ್ಲಿ ಕಂಡುಹಿಡಿದು ಹಿಡಿಯುತ್ತದೆ. ಅವಿತುಕೊಳ್ಳುವುದರಲ್ಲಿ ನಿಪುಣವಾದ ಬೇಟೆ, ಅವಿತದ್ದನ್ನು ಕಾಣುವುದರಲ್ಲಿ ನಿಪುಣವಾದ ಬೇಟೆಗಾರ. ಸಾವಿರಾರು ತಲೆಮಾರುಗಳಿಂದ ಇವು ಒಂದನ್ನೊಂದು ತಿದ್ದುತ್ತ ಬಂದಿವೆ.

ಇಂಥ ಆಹಾರವಿರುವ ಹಕ್ಕಿ ಕಾಡನ್ನು ಬಿಟ್ಟು ಹೊರಬರಲಾರದು. ಇಲಿ ಹಿಡಿಯುವ ಹದ್ದಾದರೆ ಕಾಡು ಕಡಿದು ಗದ್ದೆಯಾದರೂ ಹೇಗೋ ಬದುಕೀತು. ಇಲಿ ಅಲ್ಲೂ ಸಿಗುತ್ತದೆ. ತೊಗಟೆಗೆ ಅಂಟಿದ ಹಲ್ಲಿ ಬೇಕಾದರೆ ಹಳೆಯ ತೊಗಟೆಯ ಮರ ಬೇಕು, ನೆರಳು ಬೇಕು, ತೇವ ಬೇಕು.

ಸಂಸಾರದ ವಿಷಯ. ಈ ಹಕ್ಕಿಯ ಗೂಡನ್ನು ವಿಜ್ಞಾನ ಮೊದಲು ಕಂಡದ್ದು 1997ರಲ್ಲಿ, ಅಂದರೆ ಹಕ್ಕಿಗೆ ಹೆಸರಿಟ್ಟ 122 ವರ್ಷಗಳ ಮೇಲೆ. ಆ ಗೂಡಿನಲ್ಲಿದ್ದದ್ದು ಒಂದೇ ಮೊಟ್ಟೆ. ಕಾವು ಕೂರಲು ಸುಮಾರು ನಲವತ್ತು ದಿನ, ಮರಿ ಗೂಡು ಬಿಡಲು ಮತ್ತೆ ಎರಡು ತಿಂಗಳು. ಮಳೆಕಾಡಿನ ದೊಡ್ಡ ಬೇಟೆಹಕ್ಕಿಗಳಲ್ಲೂ ಇದೇ ನಿಧಾನ ಕಾಣುತ್ತದೆ. ಫಿಲಿಪ್ಪೀನ್ಸಿನ ಹದ್ದು ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದು ಮರಿ ಬೆಳೆಸುತ್ತದೆ; ಅಮೆಜಾನಿನ ಹಾರ್ಪಿ ಹದ್ದಿಗೆ ಒಂದು ಮರಿಯನ್ನು ದಡ ಸೇರಿಸಲು ಎರಡು ಮೂರು ವರ್ಷ ಬೇಕು. ಹಣ್ಣು, ಹೂವು, ಹುಳು ಎಲ್ಲ ಸಮೃದ್ಧವಾಗಿರುವ ಕಾಡಿನಲ್ಲಿ ಬೇಟೆಹಕ್ಕಿಗಳು ಮಾತ್ರ ಏಕೆ ಇಷ್ಟು ಮಿತವಾಗಿ ಮರಿ ಮಾಡುತ್ತವೆ? ಬೇಟೆ ಇದೆ, ಆದರೆ ಚದುರಿದೆ, ಅಡಗಿದೆ. ಅದನ್ನು ಹಿಡಿಯುವ ವಿದ್ಯೆ ಮರಿಗೆ ಒಗ್ಗಲು ಕಾಲ ಹಿಡಿಯುತ್ತದೆ. ಒಂದಕ್ಕಿಂತ ಹೆಚ್ಚು ಮರಿಗಳನ್ನು ಸಾಕುವುದು ಅಪ್ಪ ಅಮ್ಮಂದಿರ ಶಕ್ತಿಗೆ ಮೀರಿದ್ದು. ಇದರ ಪರಿಣಾಮವೂ ಸ್ಪಷ್ಟ. ಇಂಥ ಹಕ್ಕಿಗಳ ಸಂಖ್ಯೆ ಒಮ್ಮೆ ಕುಸಿದರೆ ಮತ್ತೆ ತುಂಬಿಕೊಳ್ಳಲು ದಶಕಗಳೇ ಹಿಡಿಯುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಹಕ್ಕಿಯ ಕಡೆಯ ಕಥೆ. ಮೂರನೆಯ ಭಾಗದಲ್ಲಿ ಹುಡುಕಿದ ಮನುಷ್ಯರ ಕಡೆಗೆ ತಿರುಗೋಣ.

ಈ ಹಕ್ಕಿಯನ್ನು 1875ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ರಿಚರ್ಡ್ ಬೌಡ್ಲರ್ ಶಾರ್ಪ್. ಅವರ ಮುಂದಿದ್ದದ್ದು ತುಂಬಿಟ್ಟ ಚರ್ಮ. ಆ ಬಳಿಕ ಅರ್ಧ ಶತಮಾನದಲ್ಲಿ ಬೆರಳೆಣಿಕೆಯ ಮಾದರಿಗಳು ಸಂಗ್ರಹಾಲಯಗಳನ್ನು ಸೇರಿದವು. 1930ರ ನಂತರ ಅದೂ ನಿಂತಿತು. ನಡುನಡುವೆ ಯಾರೋ ಕಂಡೆವೆಂದದ್ದುಂಟು; ಆದರೆ ಅದೇ ಕಾಡಿನಲ್ಲಿರುವ ಹೆನ್ಸ್ಟ್ ಗಿಡುಗ ದೂರದಿಂದ ಹೆಚ್ಚುಕಡಿಮೆ ಹೀಗೆಯೇ ಕಾಣುವುದರಿಂದ ಆ ಮಾತುಗಳನ್ನು ಯಾರೂ ಗಟ್ಟಿಯಾಗಿ ನಂಬಲಿಲ್ಲ. ಹಕ್ಕಿ ಅಳಿದೇ ಹೋಗಿರಬಹುದೆಂಬ ಅನುಮಾನ ಬೆಳೆಯಿತು.

1988ರಲ್ಲಿ ಒಂದು ನಂಬಬಹುದಾದ ದರ್ಶನ, 1990ರಲ್ಲಿ ಸತ್ತ ಒಂದು ಹಕ್ಕಿ: ಹೀಗೆ ಎಳೆ ಮತ್ತೆ ಸಿಕ್ಕಿತು. ಅಷ್ಟರಲ್ಲಿ ಅಮೆರಿಕದ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಮಡಗಾಸ್ಕರಿನಲ್ಲಿ ಕೆಲಸ ಆರಂಭಿಸಿತ್ತು. ದ್ವೀಪದ ಈಶಾನ್ಯದಲ್ಲಿ ಹಿಂದೂ ಮಹಾಸಾಗರಕ್ಕೆ ಚಾಚಿಕೊಂಡಿರುವ ಮಸೊವಾಲಾ ಪರ್ಯಾಯದ್ವೀಪದಲ್ಲಿ ಅವರು ಬಿಡಾರ ಹೂಡಿದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಬೆಟ್ಟದ ಕಾಡು ನೇರ ಕಡಲಿಗಿಳಿಯುವ ಜಾಗ ಅದು. 1993ರಲ್ಲಿ ಅಲ್ಲಿ ಸರ್ಪಹದ್ದು ಕಂಡಿತು. 1994ರಲ್ಲಿ ರಸೆಲ್ ಥಾರ್‌ಸ್ಟ್ರಮ್ ಮತ್ತು ಅವರ ಜೊತೆಗಾರರು ಒಂದನ್ನು ಹಿಡಿದು, ಚಿತ್ರ ತೆಗೆದು, ಹಾರಿಬಿಟ್ಟರು. ಮುಂದೆ 1997ರ ಗೂಡಿನ ವಿವರಗಳನ್ನು ಥಾರ್‌ಸ್ಟ್ರಮ್ ಮತ್ತು ಮಡಗಾಸ್ಕರಿನವರೇ ಆದ ಲಿಲಿ ಅರಿಸನ್ ರೆನೆ ಡಿ ರೋಲಾಂಡ್ ಕೂಡಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದದ್ದು ಕಣ್ಣಿಗಿಂತ ಕಿವಿಯ ಪಾತ್ರ. ಹಕ್ಕಿ ಅಡಗುತ್ತದೆ, ನಿಜ. ಆದರೆ ಅದು ತನ್ನ ಜೋಡಿಗೆ ಕೇಳುವಂತೆ ಕೂಗಲೇಬೇಕು. ಗಂಟಲಿನ ಆಳದಿಂದ ಬರುವ, ಒಂದರ ಹಿಂದೊಂದು ಹೊಮ್ಮುವ ಅದರ ಕೂಗು ದೂರದವರೆಗೆ ಕೇಳುತ್ತದೆ. ಆ ಕೂಗು ಯಾರದೆಂದು ಗೊತ್ತಾದ ಮೇಲೆ ಚಿತ್ರವೇ ಬದಲಾಯಿತು. ಉತ್ತರದ ಮರೊಜೆಜಿಯಿಂದ ದಕ್ಷಿಣದ ಜಹಾಮೆನಾವರೆಗೆ ಹಲವು ಕಾಡುಗಳಲ್ಲಿ ಹಕ್ಕಿ ಇರುವುದು ತಿಳಿಯಿತು. ಅಷ್ಟು ವರ್ಷವೂ ಅದು ಅಲ್ಲೇ ಇತ್ತು, ಕೂಗುತ್ತಲೇ ಇತ್ತು. ಕೇಳಿಸಿಕೊಂಡವರಿಗೆ ಕೂಗಿದವರು ಯಾರೆಂದು ಗೊತ್ತಿರಲಿಲ್ಲ.

ಇದು ಒಂದೇ ಹಕ್ಕಿಯ ಅದೃಷ್ಟವಲ್ಲವೆಂದು ತೋರಿಸಲು ಎರಡು ನಿದರ್ಶನ ಕೊಡುತ್ತೇನೆ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ಆಂಡ್ರ್ಯೂ ವಿಟೇಕರ್ ಒಂದು ಕಾಡುಚಾಣದ ಕೂಗು ಉಳಿದವುಗಳಿಗಿಂತ ಬೇರೆಯಾಗಿರುವುದನ್ನು ಗುರುತಿಸಿ, 2002ರಲ್ಲಿ ಅದನ್ನು ಹೊಸ ಪ್ರಭೇದವೆಂದು ಬಣ್ಣಿಸಿದರು. ಅದರ ಚರ್ಮಗಳು ಸಂಗ್ರಹಾಲಯಗಳ ಪೆಟ್ಟಿಗೆಯಲ್ಲಿ ಬೇರೊಂದು ಹಕ್ಕಿಯ ಚೀಟಿ ಹೊತ್ತು ಆಗಲೇ ಕೂತಿದ್ದವು. ನಮ್ಮ ಕಡೆಗೆ ಬಂದರೆ, ಪಶ್ಚಿಮ ಘಟ್ಟದ ಬೇ ಗೂಬೆ. ಕೇರಳದ ನೆಲ್ಲಿಯಾಂಪತಿಯಲ್ಲಿ ಸಿಕ್ಕ ಮಾದರಿಯ ಆಧಾರದಿಂದ 1978ರಲ್ಲಿ ಇದನ್ನು ಪ್ರತ್ಯೇಕ ಉಪಪ್ರಭೇದವೆಂದು ಹೆಸರಿಸಿದಾಗ ಅದು ಅತಿ ವಿರಳವೆಂದೇ ಎಣಿಸಿದ್ದರು. ಅದರ ಇರುಳಿನ ಕೂಗು ಪರಿಚಿತವಾದಂತೆ ಇರುವ ಠಾವುಗಳೂ ಹೆಚ್ಚು ಹೆಚ್ಚು ತಿಳಿದುಬಂದವು.

ಕಿವಿಯ ಜೊತೆಗೆ ಇನ್ನೊಂದನ್ನೂ ಹೇಳಬೇಕು. ಮಸೊವಾಲಾದಲ್ಲಿ ಮರ ಹತ್ತಿದವರು, ದಿನವಿಡೀ ಗೂಡಿನ ಕೆಳಗೆ ಕೂತು ಬರೆದುಕೊಂಡವರು ಬಹುಪಾಲು ಸುತ್ತಲಿನ ಹಳ್ಳಿಗಳಿಂದ ಬಂದು ತರಬೇತಿ ಪಡೆದ ಸ್ಥಳೀಯ ಸಹಾಯಕರು. ಕನ್ನಡದ ಓದುಗರಿಗೆ ಇದು ಹೊಸದೆನಿಸದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿ ಹುಡುಕುವ ಹಾರುವ ಓತಿಯನ್ನು ಅವರಿಗಿಂತ ಮೊದಲು ಕಂಡವನು ಹಳ್ಳಿಯ ಮಂದಣ್ಣ. ವಿಜ್ಞಾನ ಹೊರಗಿನಿಂದ ಬರಬಹುದು, ಆದರೆ ಕಾಡಿನಲ್ಲಿ ವರ್ಷಪೂರ್ತಿ ಇರುವವರು ಕೈಜೋಡಿಸದೆ ಅದು ಮುಂದೆ ಹೆಜ್ಜೆ ಇಡಲಾರದು. ಅಳಿದುಹೋಯಿತೆಂದೇ ಭಾವಿಸಿದ್ದ ಮಡಗಾಸ್ಕರ್ ಪೋಚರ್ಡ್ ಬಾತನ್ನು 2006ರಲ್ಲಿ ಬೆಮನೆವಿಕಾ ಪ್ರದೇಶದ ಸರೋವರದಲ್ಲಿ ಮತ್ತೆ ಕಂಡವರು ಇದೇ ರೆನೆ ಡಿ ರೋಲಾಂಡ್ ಅವರ ತಂಡ. ಅದೇ ನೆಲದವರು ಅಲ್ಲೇ ಉಳಿದು ಹುಡುಕಿದ್ದರ ಫಲ ಅದು.

ಈಗ ಕೊನೆಯ ಭಾಗ. ಹಕ್ಕಿ ಸಿಕ್ಕಿತು, ಅದರ ಕಾಡು ಉಳಿಯಿತೆ?

ಗೂಡು ಕಂಡ 1997ರಲ್ಲೇ ಮಸೊವಾಲಾ ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರ 2,000 ಚದರ ಕಿಲೋಮೀಟರಿಗೂ ಹೆಚ್ಚು. 2007ರಲ್ಲಿ ಯುನೆಸ್ಕೊ ಪೂರ್ವದ ಮಳೆಕಾಡುಗಳನ್ನು ‘ಅತ್ಸಿನಾನಾನಾ ಮಳೆಕಾಡುಗಳು’ ಎಂಬ ಹೆಸರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎರಡೇ ವರ್ಷದಲ್ಲಿ, 2009ರ ರಾಜಕೀಯ ಬಿಕ್ಕಟ್ಟಿನ ಹೊತ್ತಿಗೆ, ಮಸೊವಾಲಾ ಮತ್ತು ಮರೊಜೆಜಿ ಕಾಡುಗಳಿಗೆ ಬೀಟೆ ಜಾತಿಯ ಮರಕ್ಕಾಗಿ ಕಳ್ಳರು ನುಗ್ಗಿದರು. 2010ರಲ್ಲಿ ಈ ತಾಣ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೆ ಇಳಿಯಿತು. ಅಲ್ಲಿಂದ ಹೊರಬಂದದ್ದು 2025ರಲ್ಲಿ.

ಕಳ್ಳಸಾಗಣೆಯನ್ನು ಖಂಡಿಸುವುದು ಸುಲಭ. ಕಾಡಂಚಿನ ರೈತನ ವಿಚಾರ ಅಷ್ಟು ಸುಲಭವಲ್ಲ. ಅಲ್ಲಿ ಕಾಡು ಕಡಿದು, ಸುಟ್ಟು, ಬೂದಿಯ ಮೇಲೆ ಬೆಟ್ಟಬತ್ತ ಬಿತ್ತುವ ‘ತಾವಿ’ ಎಂಬ ಪದ್ಧತಿ ಹಿಂದಿನಿಂದ ಬಂದದ್ದು. ನಮ್ಮ ಘಟ್ಟದ ಕುಮರಿ ಬೇಸಾಯವನ್ನು ಬಲ್ಲವರಿಗೆ ಅದು ತಿಳಿದದ್ದೇ. ಇಲ್ಲಿ ಬ್ರಿಟಿಷರು ಕುಮರಿಯನ್ನು ನಿಷೇಧಿಸಿದಂತೆ ಅಲ್ಲಿಯೂ ಕಾಡು ಸುಡುವುದಕ್ಕೆ 1881ರ ಅರಸೊತ್ತಿಗೆಯ ಕಾನೂನಿನಿಂದಲೇ ನಿಷೇಧ ಬಂತು. ನಿಷೇಧದಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಪದ್ಧತಿ ನಿಲ್ಲಲಿಲ್ಲ.

ಈ ಪ್ರದೇಶದ ಇನ್ನೊಂದು ಬೆಳೆ ನಮ್ಮ ಮಲೆನಾಡಿನ ಮನೆಮನೆಗೂ ಗೊತ್ತು: ವೆನಿಲ್ಲಾ. ಲೋಕದ ವೆನಿಲ್ಲಾದ ಬಹುಪಾಲು ಬರುವುದು ಮಡಗಾಸ್ಕರಿನ ಈಶಾನ್ಯದಿಂದ, ಮಸೊವಾಲಾದ ನೆರೆಯ ಅಂತಲಾಹ, ಸಂಬಾವ ಕಡೆಯಿಂದ. 2000ದ ಏಪ್ರಿಲಿನಲ್ಲಿ ಹುದಾ ಎಂಬ ಚಂಡಮಾರುತ ಅಂತಲಾಹದ ಬಳಿ ಬಡಿದು ತೋಟಗಳನ್ನು ನೆಲಸಮ ಮಾಡಿತು. ಲೋಕದಲ್ಲಿ ವೆನಿಲ್ಲಾದ ಬೆಲೆ ಏರಿತು. ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡ, ಶಿವಮೊಗ್ಗ, ಕೊಡಗಿನ ರೈತರು ಅಡಿಕೆ ತೋಟಕ್ಕೆ ಬಳ್ಳಿ ಹಬ್ಬಿಸಿದರು. ಹಸಿಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ರಾತ್ರಿ ತೋಟ ಕಾದರು. ಅಲ್ಲಿಯ ತೋಟ ಚೇತರಿಸಿ ಬೆಲೆ ಕುಸಿದಾಗ ಬಳ್ಳಿ ಕಿತ್ತರು. ಆ ಹುದಾ ಚಂಡಮಾರುತವೇ ಸರ್ಪಹದ್ದಿನ ಕಾಡಿನ ಮರಗಳನ್ನೂ ಉರುಳಿಸಿತ್ತು. ಬೆಲೆಯ ಏರಿಳಿತ ನಮ್ಮ ರೈತರನ್ನು ಹೇಗೆ ಅಲ್ಲಾಡಿಸಿತೋ ಅಲ್ಲಿಯವರನ್ನೂ ಹಾಗೆಯೇ ಅಲ್ಲಾಡಿಸುತ್ತದೆ. ಬೆಲೆ ಬಿದ್ದ ವರ್ಷ ಅಕ್ಕಿ ಕೊಳ್ಳಲು ಹಣವಿಲ್ಲದವನು ಮತ್ತೆ ಕಾಡಿಗೆ ಕೊಡಲಿ ಇಡುತ್ತಾನೆ. ಹಕ್ಕಿಯ ಉಳಿವನ್ನು ರೈತನ ಜೀವನದಿಂದ ಬೇರ್ಪಡಿಸಿ ಯೋಚಿಸಿದ ಯಾವ ಯೋಜನೆಯೂ ಬಹುಕಾಲ ನಿಲ್ಲದಿರುವುದು ಇದಕ್ಕೇ.

ಮಾತು ಮುಗಿಸುವ ಮುನ್ನ, ಆರಂಭದಲ್ಲಿ ಹೇಳಿದ ವಿಚಾರವನ್ನು ನಮ್ಮ ನೆಲಕ್ಕೆ ಅನ್ವಯಿಸಬೇಕು. ನಮ್ಮಲ್ಲಿ ಘಟ್ಟದ ಕಾಡಿನಲ್ಲಿ ಅಣೆಕಟ್ಟು, ರಸ್ತೆ, ವಿದ್ಯುತ್ ಮಾರ್ಗ ಬರುವಾಗ ಪರಿಸರ ಪರಿಣಾಮದ ವರದಿ ಬರುತ್ತದೆ. ಅದರಲ್ಲಿ ಕಂಡ ಪ್ರಾಣಿಪಕ್ಷಿಗಳ ಪಟ್ಟಿಯಿರುತ್ತದೆ. ಪಟ್ಟಿಯಲ್ಲಿಲ್ಲದ್ದು ಕಾಡಿನಲ್ಲೂ ಇಲ್ಲವೆಂಬ ತೀರ್ಮಾನ ಅಲ್ಲಿಂದ ಮೆಲ್ಲಗೆ ನುಸುಳುತ್ತದೆ. ಮಸೊವಾಲಾದ ಅನುಭವ ನಮಗೆ ಕೆಲವು ಪ್ರಶ್ನೆಗಳನ್ನು ಕೊಟ್ಟಿದೆ. ಸಮೀಕ್ಷೆ ಯಾವ ಋತುವಿನಲ್ಲಿ ನಡೆಯಿತು? ಹಕ್ಕಿ ಕೂಗುವ ಕಾಲವೆ, ಸುಮ್ಮನಿರುವ ಕಾಲವೆ? ಕೂಗನ್ನು ಗುರುತಿಸಬಲ್ಲವರು ತಂಡದಲ್ಲಿದ್ದರೆ? ಇರುಳಲ್ಲಿ ಕಿವಿಗೊಟ್ಟವರುಂಟೆ? ಆ ಊರಿನವರನ್ನು ಕೇಳಿದರೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂಬ ಮಾತಿಗೆ ‘ನಾವು ನೋಡಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಹಾಗೆಂದು ಪ್ರತಿಯೊಂದು ಕಾಣದ ಜೀವಿಯೂ ಎಲ್ಲೋ ಕ್ಷೇಮವಾಗಿದೆ ಎಂದು ನೆಮ್ಮದಿಯಿಂದಿರುವುದೂ ತಪ್ಪು. ಸರ್ಪಹದ್ದು ಮತ್ತೆ ಸಿಕ್ಕದ್ದು ಅದರ ಕಾಡು ಅಷ್ಟಿಷ್ಟಾದರೂ ಉಳಿದಿದ್ದರಿಂದ. ಕಾಡೇ ಇಲ್ಲವಾಗಿದ್ದರೆ ಎಷ್ಟು ಕಿವಿಗೊಟ್ಟರೂ ಕೇಳಲು ಏನೂ ಇರುತ್ತಿರಲಿಲ್ಲ. ಎಣಿಸಲಾಗದ ಹಕ್ಕಿಯನ್ನು ಉಳಿಸಲು ಇರುವ ದಾರಿ ಒಂದೇ, ಎಣಿಸಬಲ್ಲ ಕಾಡನ್ನು ಉಳಿಸುವುದು.

ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಕಾಡು, ಕಾನು, ದೇವರಬನಗಳಲ್ಲಿ ಬೆಳಗು ಬೈಗು ಕೇಳುವ ಕೂಗುಗಳನ್ನು ಫೋನಿನಲ್ಲೇ ಧ್ವನಿಮುದ್ರಿಸಿ, ದಿನಾಂಕ ಮತ್ತು ಜಾಗ ಬರೆದಿಡಿ; ಯಾರದೆಂದು ತಿಳಿಯದಿದ್ದರೂ ಬರೆದಿಡಿ. ಮುಂದೆ ಬಲ್ಲವರೊಬ್ಬರು ಕೇಳಿ ಹೆಸರು ಹೇಳಿದ ದಿನ ಅದು ದಾಖಲೆಯಾಗುತ್ತದೆ, ಆ ಕಾಡನ್ನು ಉಳಿಸಿಕೊಳ್ಳುವ ವಾದಕ್ಕೆ ಆಧಾರವೂ ಆಗುತ್ತದೆ.